ಉದ್ದಗಾಲಿನ ನೊಣ: ಹೊಸ ಪ್ರಭೇದವನ್ನು ವಿವರಿಸಲು ಚಿತ್ರಗಳಷ್ಟೇ ಸಾಕೇ?

ಪ್ರಶ್ನೆ: ಎಲೆಗಳ ಮೇಲೆ ಲೋಹದಂತೆ ಹೊಳೆಯುವ, ಡೊಲಿಕೊಪೊಡಿಡೇ ಕುಟುಂಬದ ಹಸಿರು ನೊಣವೊಂದರ ಸ್ಪಷ್ಟ ಚಿತ್ರಗಳು ನನ್ನಲ್ಲಿವೆ. ಅದು ಹೊಸ ಪ್ರಭೇದವಾಗಿದ್ದರೆ ಇಷ್ಟರಿಂದಲೇ ವಿವರಿಸಬಹುದೇ?

ಉತ್ತರ 1: ಸಾಲದು. ಈ ಕುಟುಂಬದಲ್ಲಿ 7,000ಕ್ಕೂ ಹೆಚ್ಚು ಪ್ರಭೇದಗಳು ಈಗಾಗಲೇ ದಾಖಲಾಗಿದ್ದು, ಹಸಿರು ಹೊಳಪು ಅವುಗಳಲ್ಲಿ ಬಹಳಷ್ಟಕ್ಕೆ ಸಾಮಾನ್ಯವಾದುದರಿಂದ, ಹೊಟ್ಟೆಯ ಅಡಿಯಲ್ಲಿ ಮುಂದಕ್ಕೆ ಮಡಚಿಕೊಂಡಿರುವ ಗಂಡಿನ ಜನನಾಂಗವನ್ನೂ ಕಾಲಿನ ಬಿರುಗೂದಲುಗಳ ಜೋಡಣೆಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರಿಸಬೇಕಾಗುತ್ತದೆ. ಹೆಣ್ಣು ಮಾತ್ರ ಸಿಕ್ಕಿದ್ದರೆ ಗಂಡು ಸಿಗುವವರೆಗೆ ಕಾಯುವುದೇ ಲೇಸು.

ಉತ್ತರ 2: 1999ರ ನಂತರ ಪ್ರಕಟವಾಗುವ ಹೊಸ ಹೆಸರಿಗೆ ಆಧಾರವಾದ ಹೋಲೋಟೈಪ್ ಮಾದರಿಯನ್ನು ಸ್ಪಷ್ಟವಾಗಿ ಗೊತ್ತುಪಡಿಸಿ, ಅದನ್ನು ಯಾವ ಸಂಗ್ರಹದಲ್ಲಿ ಇರಿಸಲಾಗುವುದೆಂದು ತಿಳಿಸಬೇಕು. ಅಂತರಜಾಲದಲ್ಲಷ್ಟೇ ಪ್ರಕಟವಾಗುವ ಲೇಖನಕ್ಕೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ದಾಖಲೆಯಾದ ಜೂಬ್ಯಾಂಕ್‌ನಲ್ಲಿ ನೋಂದಣಿಯೂ ಕಡ್ಡಾಯ.

ಉತ್ತರ 3: ಆದರೂ ಚಿತ್ರಗಳನ್ನು ಅಳಿಸಬೇಡಿ. ಕೆಲವು ಪ್ರಭೇದಗಳ ಗಂಡು ಹೆಣ್ಣಿನೆದುರು ಅಲಂಕೃತ ಕಾಲನ್ನು ಚಾಚಿ ಆಡಿಸುತ್ತದೆ. ಸತ್ತ ಮಾದರಿಯಲ್ಲಿ ಆ ವರ್ತನೆ ಕಾಣಸಿಗದು.