ಅಪ್ಪನನ್ನು ಕಾಫಿ ಶಾಪ್‌ಗೆ ಕರೆದುಕೊಂಡು ಹೋಗಬೇಕು, ಅನುಭವ ಇದ್ದವರು ಹೇಳಿ

ಜಯನಗರದಲ್ಲಿ ನಮ್ಮ ಮನೆ ಹತ್ತಿರ ಒಂದು ಚೈನ್ ಕಾಫಿ ಶಾಪ್ ಹೊಸದಾಗಿ ಶುರುವಾಗಿದೆ. ಅಪ್ಪ ರಿಟೈರ್ ಆಗಿದ್ದಾರೆ. ದರ್ಶಿನಿಯ ಬೈಟೂ ಕಾಫಿಯೇ ಅವರ ಅಭ್ಯಾಸ. ಆದರೆ ಈಗ ಮಂಡಿನೋವು, ನಿಂತು ಕುಡಿಯಲು ಆಗುತ್ತಿಲ್ಲ. ಸ್ನೇಹಿತರ ಜೊತೆ ಕೂತು ಮಾತಾಡಲು ಒಂದು ಜಾಗ ಬೇಕು ಅಂತಿದ್ದಾರೆ. ಇಂಥ ಕಡೆ ವಯಸ್ಸಾದವರಿಗೆ ಹೇಗಿರುತ್ತದೆ? ಏನೇನು ನೋಡಿಕೊಳ್ಳಬೇಕು?

—

ಖಂಡಿತ ಕರೆದುಕೊಂಡು ಹೋಗಿ. ನಮ್ಮ ಮಾವನವರು ವಾರಕ್ಕೆರಡು ಸಲ ಹೋಗುತ್ತಾರೆ. ಶುರುವಿನಲ್ಲಿ ಅವರದು ಒಂದೇ ದೂರು: "ಕಾಫಿ ಬಿಸಿನೇ ಇಲ್ಲ." ಅದು ಅಂಗಡಿಯವರ ತಪ್ಪಲ್ಲ. ದರ್ಶಿನಿಯಲ್ಲಿ ಕುದಿಯುವ ಹಾಲಿಗೆ ಡಿಕಾಕ್ಷನ್ ಬೆರೆಸಿ ಕೊಡುತ್ತಾರೆ, ಲೋಟ ಹಿಡಿದರೆ ಕೈ ಸುಡುತ್ತದೆ. ಇಲ್ಲಿ ಕ್ಯಾಪುಚಿನೋಗೆ ಹಾಲನ್ನು ಹಬೆಯಲ್ಲಿ ಸುಮಾರು 60ರಿಂದ 65 ಡಿಗ್ರಿವರೆಗೆ ಮಾತ್ರ ಕಾಯಿಸುತ್ತಾರೆ. ಜಾಸ್ತಿ ಕಾದರೆ ನೊರೆ ಕೆಡುತ್ತದೆ, ಹಾಲಿನ ಸಿಹಿಯೂ ಹೋಗುತ್ತದೆ. ನೊರೆ ಸ್ವಲ್ಪ ಕೆಟ್ಟರೂ ಬಿಸಿಯೇ ಬೇಕು ಅನ್ನುವವರಾದರೆ ಆರ್ಡರ್ ಮಾಡುವಾಗಲೇ "ಎಕ್ಸ್‌ಟ್ರಾ ಹಾಟ್" ಅಂತ ಹೇಳಿಬಿಡಿ. ಟೇಬಲ್‌ಗೆ ಬಂದ ಮೇಲೆ ಮತ್ತೆ ಬಿಸಿ ಮಾಡಿಸಿದರೆ ರುಚಿ ಉಳಿಯುವುದಿಲ್ಲ.

ರುಚಿಯೂ ಬೇರೆ ಅಂತ ಮೊದಲೇ ಹೇಳಿಡಿ. ನಮ್ಮ ಫಿಲ್ಟರ್ ಕಾಫಿ ಪುಡಿಯಲ್ಲಿ ಸಾಮಾನ್ಯವಾಗಿ ಚಿಕೋರಿ ಇರುತ್ತದೆ. ಆ ಗಟ್ಟಿತನ, ಆ ಬಣ್ಣ ಇಲ್ಲಿನ ಎಸ್‌ಪ್ರೆಸೊದಲ್ಲಿ, ಅಂದರೆ ಕ್ಯಾಪುಚಿನೋಗೆ ಮೆಷಿನ್‌ನಲ್ಲಿ ಇಳಿಸುವ ಕಾಫಿಯಲ್ಲಿ, ಸಿಗುವುದಿಲ್ಲ. ಈಗ ಹಲವು ಚೈನ್‌ಗಳ ಮೆನುವಿನಲ್ಲಿ ಫಿಲ್ಟರ್ ಕಾಫಿಯೂ ಇದೆ. ಮೊದಲ ದಿನ ಅದನ್ನೇ ಕೊಡಿಸಿ. ಮತ್ತೆ, ಕೇಳದಿದ್ದರೆ ಕೆಲವು ಕಡೆ ಪೇಪರ್ ಕಪ್‌ನಲ್ಲೇ ಕೊಟ್ಟುಬಿಡುತ್ತಾರೆ. ಮಾವನವರಿಗೆ ಬೆರಳು ನಡುಗುತ್ತದೆ, ಮೆತ್ತಗಿನ ಪೇಪರ್ ಕಪ್ ಒತ್ತಿದರೆ ಮುಚ್ಚಳದ ಅಂಚಿನಿಂದ ಕಾಫಿ ತುಳುಕುತ್ತಿತ್ತು. ಹಿಡಿ ಇರುವ ಪಿಂಗಾಣಿ ಕಪ್ ಕೇಳಿ ತೆಗೆದುಕೊಂಡ ಮೇಲೆ ಆರಾಮಾದರು.

—

ಮೇಲಿನವರು ಹೇಳಿದ್ದು ಸರಿ. ನನ್ನ ಪ್ರಕಾರ ಕಾಫಿಗಿಂತ ಮೊದಲು ಕುರ್ಚಿ ನೋಡಬೇಕು. ಬೋರ್ಡ್ ಒಂದೇ ಇದ್ದರೂ ಒಂದೊಂದು ಬ್ರಾಂಚೂ ಬೇರೆ. ನಮ್ಮ ಬೀದಿಯ ಅಂಗಡಿಯಲ್ಲಿ ಕಿಟಕಿ ಪಕ್ಕ ಒಳ್ಳೆ ಸೋಫಾ ಇದೆ. ಅದೇ ಚೈನ್‌ನ ಮೆಟ್ರೋ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಎಲ್ಲ ಎತ್ತರದ ಸ್ಟೂಲ್, ಮಂಡಿನೋವಿನವರು ಹತ್ತಿ ಕೂರಲು ಸಾಧ್ಯವೇ ಇಲ್ಲ. ಸೋಫಾ ತೀರಾ ತಗ್ಗಾಗಿದ್ದರೂ ಏಳುವುದು ಕಷ್ಟ, ಕೈ ಇರುವ ಕುರ್ಚಿ ಒಳ್ಳೆಯದು. ನೀವೇ ಒಮ್ಮೆ ಹೋಗಿ ನೋಡಿ ಬನ್ನಿ. ಟಾಯ್ಲೆಟ್ ಅಂಗಡಿಯೊಳಗೇ ಇದೆಯಾ, ಮೆಟ್ಟಿಲು ಹತ್ತಬೇಕಾ, ಸ್ಪೀಕರ್ ಎಲ್ಲಿದೆ, ಎಸಿ ಗಾಳಿ ಯಾವ ಕಡೆ ಹೊಡೆಯುತ್ತದೆ, ಅಷ್ಟು ನೋಡಿದರೆ ಸಾಕು. ಹಾಡಿನ ಸದ್ದು ಕಮ್ಮಿ ಮಾಡಿ ಅಂದರೆ ನಮ್ಮಲ್ಲಿ ಯಾವತ್ತೂ ಇಲ್ಲ ಅಂದಿಲ್ಲ.

ಹೊತ್ತು ಮುಖ್ಯ. ಶನಿವಾರ, ಭಾನುವಾರ ಸಂಜೆ ಬೇಡ. ವಾರದ ದಿನ ಮಧ್ಯಾಹ್ನ ಮೂರರ ಮೇಲೆ ಹೋದರೆ ನೆಮ್ಮದಿಯಾಗಿ ಕೂರಬಹುದು.

ಹಿರಿಯರಿಗೆ ಅಲ್ಲಿ ಸಂಕೋಚ ಆಗುತ್ತದಾ ಅಂತ ಯೋಚಿಸಬೇಡಿ. 1996ರಲ್ಲಿ ಬ್ರಿಗೇಡ್ ರೋಡ್‌ನಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ಅದು ಇಂಟರ್ನೆಟ್ ನೋಡಲು ಬರುವ ಹುಡುಗರ ಅಡ್ಡಾ ಆಗಿತ್ತು. ಈಗ ನಮ್ಮ ಕಡೆ ಬೆಳಗಿನ ವಾಕಿಂಗ್ ಮುಗಿಸಿದವರೇ ಮೊದಲು ಬಂದು ಕೂರುತ್ತಾರೆ.

—

ಬಿಲ್ ಬಗ್ಗೆ ಯಾರೂ ಹೇಳಿಲ್ಲ. ಅಮ್ಮನ ಜೊತೆ ಹೋಗಿದ್ದ ಒಂದು ಕಡೆ ನಮ್ಮನ್ನು ಕೇಳದೆ ಸರ್ವಿಸ್ ಚಾರ್ಜ್ ಸೇರಿಸಿದ್ದರು. ತೆಗೆಯಿರಿ ಅಂದ ಮೇಲೆ ತೆಗೆದರು. ಅದನ್ನು ತಾನಾಗಿ ಬಿಲ್‌ಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಜಿಎಸ್‌ಟಿ ಬೇರೆ, ಅದನ್ನು ಕೊಡಲೇಬೇಕು. ಕೇಳಿದರೂ ತೆಗೆಯದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಿಲ್ ಮಾಡುವಾಗ ಮೊಬೈಲ್ ನಂಬರ್ ಕೇಳುತ್ತಾರೆ. ಇಷ್ಟವಿಲ್ಲದಿದ್ದರೆ ಕೊಡಬೇಡಿ ಅಂತ ಅಪ್ಪನಿಗೂ ಹೇಳಿಡಿ. ಪಾಪ, ಕೊಡಲೇಬೇಕು ಅಂದುಕೊಂಡು ಹಿರಿಯರು ಸುಮ್ನೆ ಹೇಳಿಬಿಡುತ್ತಾರೆ.

—

ನಾನು ಇಂಥ ಅಂಗಡಿಯ ಕೌಂಟರ್‌ನಲ್ಲಿ ಕೆಲಸ ಮಾಡಿದ್ದೇನೆ. ಟೇಬಲ್ ಮೇಲೆ ಕ್ಯೂಆರ್ ಕೋಡ್ ಮಾತ್ರ ಇದ್ದರೆ ಮೆನು ಕಾರ್ಡ್ ಕೇಳಿ, ಎಷ್ಟೋ ಸಲ ಕೌಂಟರ್ ಕೆಳಗೆ ಇಟ್ಟಿರುತ್ತಾರೆ. ಇಬ್ಬರಿಗೆ ಒಂದು ಕಾಫಿ ಸಾಕಾದರೆ ಇನ್ನೊಂದು ಖಾಲಿ ಕಪ್ ಕೇಳಿ. ನಾವಂತೂ ಯಾರಿಗೂ ಇಲ್ಲ ಅಂದವರಲ್ಲ. ಸಂಜೆ ಕುಡಿದರೆ ನಿದ್ದೆ ಬಾರದವರಿಗೆ ಡಿಕ್ಯಾಫ್ (ಕೆಫೀನ್ ತೆಗೆದ ಕಾಫಿ) ಇದೆಯಾ ವಿಚಾರಿಸಿ, ಎಲ್ಲ ಕಡೆ ಇರುವುದಿಲ್ಲ.

ಕೌಂಟರ್ ಹುಡುಗರಲ್ಲಿ ಎಷ್ಟೋ ಜನ ಬೇರೆ ರಾಜ್ಯದವರು. ಅಪ್ಪ ಕನ್ನಡದಲ್ಲೇ ಮಾತಾಡಲಿ. ಜೊತೆಗೆ ಕೆಲಸ ಮಾಡುತ್ತಿದ್ದ ಅಸ್ಸಾಮಿನ ಹುಡುಗ "ಸಕ್ಕರೆ ಕಮ್ಮಿ, ಬಿಸಿ ಜಾಸ್ತಿ" ಅನ್ನುವುದನ್ನು ಕಲಿತಿದ್ದೇ ಇಂಥ ಹಿರಿಯರಿಂದ. ದಿನಾ ಬರುವವರ ಮುಖ ಬಾಗಿಲಲ್ಲಿ ಕಂಡ ತಕ್ಷಣ ಅವನು ಹಾಲು ಕಾಯಿಸಲು ಇಡುತ್ತಿದ್ದ.