ಅಂಗೈ ಚಿತ್ರದ ಬಟನ್

ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಹೆಸರು ‘ಬಸವನಗುಡಿ ಬಳಗ’. ಈಗ ಬಸವನಗುಡಿಯಲ್ಲಿ ಉಳಿದಿರುವುದು ಅಜ್ಜಿ ಒಬ್ಬರೇ. ಮಿಕ್ಕವರೆಲ್ಲ ಕೆಂಗೇರಿ, ಯಲಹಂಕ, ವೈಟ್‌ಫೀಲ್ಡ್ ಅಂತ ಚದುರಿದ್ದೇವೆ. ಶುಭೋದಯದ ಹೂವು, ಏಕಾದಶಿ ಇವತ್ತಾ ನಾಳೆಯಾ ಅನ್ನುವ ಪ್ರಶ್ನೆ, ಇಷ್ಟೇ ಅಲ್ಲಿ ನಡೆಯುವುದು. ಕಳೆದ ಸೋಮವಾರ ಮಾತ್ರ ಜೋರು ಜಗಳ ಆಯಿತು. ‘ಹಾಕೇ, ನಾಲ್ಕು ಜನ ಓದಲಿ’ ಅಂತ ವಾಣಿಯೇ ಹೇಳಿದ್ದಕ್ಕೆ ಹಾಕುತ್ತಿದ್ದೇನೆ. ಹೆಸರು ಬದಲಿಸಿದ್ದೇನೆ. ಅಪ್ಪನ ಕೈಮುಗಿಯುವ ಚಿತ್ರಗಳನ್ನು ತೆಗೆದಿದ್ದೇನೆ, ತುಂಬಾ ಇದ್ದವು.

ವಾಣಿ ನನ್ನ ಚಿಕ್ಕಪ್ಪನ ಮಗಳು. ಅವಳ ಮಗ ಆದಿಗೆ ಏಳು ವರ್ಷ. ಆಟಿಸಂ ಇದೆ, ಮಾತು ಬಂದಿಲ್ಲ.

ಅಪ್ಪ: (ಫಾರ್ವರ್ಡ್) ‘ಪೋಷಕರೇ ಎಚ್ಚರ! ಮಕ್ಕಳ ಕೈಗೆ ಟ್ಯಾಬ್ ಕೊಟ್ಟರೆ ಮಾತು ಬರುವುದಿಲ್ಲ. ಇಂದೇ ಕಿತ್ತುಕೊಳ್ಳಿ. ಹತ್ತು ಜನರಿಗೆ ಕಳಿಸಿ.’

ಅಪ್ಪ: ಎಲ್ಲರೂ ಓದಿ. ನಾನು ಯಾರ ಹೆಸರೂ ಹೇಳುತ್ತಿಲ್ಲ.

ಕಿರಣ: ಹೇಳದೆ ಹೇಳಿದ ಹಾಗಾಯಿತಲ್ಲಪ್ಪ.

ಸುಮಾ ಚಿಕ್ಕಮ್ಮ: ನಿಜ ಭಾವ. ನಾವೆಲ್ಲ ಚಂದಮಾಮನ್ನ ತೋರಿಸಿ ಉಣ್ಣಿಸುತ್ತಿದ್ದೆವು.

ವಾಣಿ: ದೊಡ್ಡಪ್ಪ, ಇದು ಆದಿಗೇ ಅಂತ ಗೊತ್ತಾಯಿತು ಬಿಡಿ. ಅವನ ಟ್ಯಾಬ್‌ನಲ್ಲಿ ಆಟ ಇಲ್ಲ, ಯೂಟ್ಯೂಬ್ ಇಲ್ಲ. ಚಿತ್ರ ಒತ್ತಿದರೆ ಆ ಮಾತು ಕೇಳಿಸುತ್ತದೆ. ಬೇರೇನೂ ತೆರೆಯದ ಹಾಗೆ ಸ್ಕ್ರೀನ್ ಪಿನ್ ಮಾಡಿಟ್ಟಿದ್ದೇನೆ.

ಅಪ್ಪ: ಅದನ್ನೇ ನಾನೂ ಹೇಳುವುದು. ಯಂತ್ರ ಮಾತಾಡಿದರೆ ಇವನು ಯಾಕೆ ಬಾಯಿ ಬಿಡುತ್ತಾನೆ? ಮನೆಗೆ ನಲ್ಲಿ ಬಂದ ಮೇಲೆ ಬಾವಿಗೆ ಯಾರು ಹೋದರು?

ವಾಣಿ: ಅವನಿಗೆ ಎರಡೂವರೆ ವರ್ಷ ಆದಾಗಿನಿಂದ ಥೆರಪಿಗೆ ಓಡಾಡಿದ್ದೇವೆ. ಆಗ ಟ್ಯಾಬ್ ಇರಲಿಲ್ಲ. ಮಾತೂ ಬರಲಿಲ್ಲ. ಈಗಿನ ಸ್ಪೀಚ್ ಥೆರಪಿಸ್ಟ್ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು. ಮೊದಲ ದಿನವೇ ಕೇಳಿದರು: ಮಾತು ಬರುವ ತನಕ ಕಾಯೋಣ ಸರಿ, ಅಲ್ಲಿಯವರೆಗೆ ಹೊಟ್ಟೆನೋವು ಅಂತ ಇವನು ಹೇಗೆ ಹೇಳಬೇಕು?

ನಾನು: ಅಪ್ಪ, ನಿಮ್ಮ ಪ್ರಶ್ನೆಯನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. 2006ರಲ್ಲಿ ಮಿಲ್ಲರ್, ಲೈಟ್, ಶ್ಲೋಸರ್ ಅನ್ನುವ ಮೂವರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದರು. ನಂಬಬಹುದಾದ ಲೆಕ್ಕ ಸಿಕ್ಕಿದ್ದು 27 ಜನರದ್ದು. ಚಿತ್ರ, ಸನ್ನೆ, ಯಂತ್ರ ಕೊಟ್ಟಿದ್ದಕ್ಕೆ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ. ನೂರಕ್ಕೆ 89ರಷ್ಟು ಜನರಿಗೆ ಹೆಚ್ಚಾಗಿತ್ತು. ಪವಾಡ ಏನಲ್ಲ, ಹೆಚ್ಚಾಗಿದ್ದು ಸ್ವಲ್ಪವೇ.

ಅಪ್ಪ: 27 ಜನ! ನಮ್ಮ ಗುಂಪಿನಲ್ಲೇ 31 ಇದ್ದೇವೆ.

(ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಇದ್ದವರು. ಲೆಕ್ಕದಲ್ಲಿ ಗೆಲ್ಲುವುದು ಕಷ್ಟ. ಹತ್ತು ಜನರಿಗೆ ಕಳಿಸಿ ಅನ್ನುವ ಫಾರ್ವರ್ಡ್‌ನಲ್ಲಿ ಎಷ್ಟು ಜನರ ಲೆಕ್ಕ ಇತ್ತು ಅಂತ ಕೇಳಬೇಕಿತ್ತು. ಆಗ ಹೊಳೆಯಲಿಲ್ಲ.)

ಅಪ್ಪ: ಮೊನ್ನೆ ಗೃಹಪ್ರವೇಶದಲ್ಲಿ ಏನಾಯಿತು ಎಲ್ಲರೂ ನೋಡಿದ್ದೀರಿ. ತುಂಬಿದ ಪಂಕ್ತಿಯಲ್ಲಿ ಎಲೆ ತಳ್ಳಿದ. ಅನ್ನದ ಮೇಲೆ ಅಷ್ಟೂ ಗೌರವ ಬೇಡವಾ? ಇದೆಲ್ಲ ಟ್ಯಾಬ್‌ನ ಪ್ರಸಾದ.

ವಾಣಿ: ಹೇಳಿಬಿಡುತ್ತೇನೆ ದೊಡ್ಡಪ್ಪ, ಕೋಪ ಮಾಡಿಕೊಳ್ಳಬೇಡಿ. ಪಂಕ್ತಿಗೆ ಕೂರುವಾಗ ‘ಊಟದ ಹೊತ್ತಲ್ಲಿ ಇದೆಲ್ಲ ಯಾಕೆ’ ಅಂತ ನೀವೇ ಟ್ಯಾಬ್ ತೆಗೆದು ಬೀರು ಮೇಲೆ ಇಟ್ಟಿರಿ. ನಾನು ಆ ಕಡೆ ಸಾಲಿಗೆ ಕೋಸಂಬರಿ ಬಡಿಸುತ್ತಿದ್ದೆ, ನೋಡಲಿಲ್ಲ. ಇವನ ಎಲೆಗೆ ಸಾರು ಹಾಕಿದರು. ಇನ್ನೊಂದು ಸೌಟು ಹಾಕಿದರು. ನಾವಾದರೆ ಎಲೆಗೆ ಅಂಗೈ ಅಡ್ಡ ಹಿಡಿದು ‘ಸಾಕು ಸಾಕು’ ಅನ್ನುತ್ತೇವೆ ಅಲ್ವಾ? ಇವನು ಬೀರು ಕಡೆ ನೋಡಿದನಂತೆ. ಎರಡು ಸಲ. ಪಕ್ಕದಲ್ಲಿದ್ದ ಶಶಿ ಆಮೇಲೆ ಹೇಳಿದಳು. ಮೂರನೇ ಸೌಟಿಗೆ ಸಾರು ಎಲೆ ದಾಟಿ ತೊಡೆ ಮೇಲೆ ಹರಿಯಿತು. ಬಿಸಿ ಸಾರು. ಆಗ ತಳ್ಳಿದ. ಅವನ ಟ್ಯಾಬ್‌ನ ಮೊದಲ ಸಾಲು ‘ಬೇಕು, ಬೇಡ, ಸಾಕು, ಇನ್ನೂ’. ಸಾಕು ಅನ್ನುವುದಕ್ಕೆ ಅಂಗೈ ಚಿತ್ರ. ನೋಡದೆಯೇ ಒತ್ತುತ್ತಾನೆ.

(ಶಶಿ ಅಂದರೆ ನಾನೇ. ನೋಡಿದ್ದೆ. ಎದ್ದು ಹೋಗಿ ಟ್ಯಾಬ್ ತಂದುಕೊಡಲಿಲ್ಲ. ಅಪ್ಪನ ಎದುರು ಯಾಕೆ ಅಂತ ಸುಮ್ಮನಾದೆ.)

ಇದಾದ ಮೇಲೆ ನಲವತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ನೀಲಿ ಟಿಕ್ ಮಾತ್ರ ಬಂದಿತ್ತು. ಕೊನೆಗೆ ಚಿಕ್ಕಮ್ಮ ಒಂದು ವಿಡಿಯೊ ಹಾಕಿದರು.

ಸುಮಾ ಚಿಕ್ಕಮ್ಮ: ಜಗಳ ಬೇಡ ಮಕ್ಕಳೇ. ಇದನ್ನು ನೋಡಿ, ಕಣ್ಣಲ್ಲಿ ನೀರು ಬಂತು. ಮಾತೇ ಬಾರದ ಹುಡುಗ ಕವಿತೆ ಟೈಪ್ ಮಾಡುತ್ತಿದ್ದಾನೆ. ವಾಣಿ, ಇಂಥ ಕಡೆ ಆದಿಯನ್ನು ಕರೆದುಕೊಂಡು ಹೋಗಬಾರದಾ?

ವಾಣಿ: ಚಿಕ್ಕಮ್ಮ, ಇನ್ನೊಂದು ಸಲ ನೋಡಿ. ಹುಡುಗನ ಮಣಿಕಟ್ಟು ಯಾರ ಕೈಯಲ್ಲಿದೆ? ಹುಡುಗ ಕಿಟಕಿ ಕಡೆ ನೋಡುತ್ತಿದ್ದಾನೆ. ಕೀಬೋರ್ಡ್ ನೋಡುತ್ತಿರುವುದು ಕೈ ಹಿಡಿದವರು. ಹೀಗೆ ಕೈ ಹಿಡಿದು ಟೈಪ್ ಮಾಡಿಸುವುದು 1990ರ ದಶಕದಲ್ಲಿ ಅಮೆರಿಕದಲ್ಲಿ ಬಹಳ ಹಬ್ಬಿತ್ತು. ಆಮೇಲೆ ಪರೀಕ್ಷೆ ಮಾಡಿದರು. ಮಗುವಿಗೆ ಒಂದು ಚಿತ್ರ, ಕೈ ಹಿಡಿದವರಿಗೆ ಇನ್ನೊಂದು ಚಿತ್ರ, ಒಬ್ಬರದು ಒಬ್ಬರಿಗೆ ಗೊತ್ತಾಗದ ಹಾಗೆ ತೋರಿಸಿದರು. ಟೈಪ್ ಆಗಿದ್ದು ಕೈ ಹಿಡಿದವರು ನೋಡಿದ ಚಿತ್ರದ ಹೆಸರು. ಅವರು ಮೋಸ ಮಾಡುತ್ತಿದ್ದರು ಅಂತಲ್ಲ. ತಮ್ಮ ಕೈಯೇ ನಡೆಸುತ್ತಿದೆ ಅಂತ ಅವರಿಗೂ ಗೊತ್ತಿರಲಿಲ್ಲ. 2018ರಲ್ಲಿ ಅಲ್ಲಿನ ಸ್ಪೀಚ್ ಥೆರಪಿಸ್ಟ್‌ಗಳ ಸಂಘವೇ ಇದನ್ನು ಮಾಡಬೇಡಿ ಅಂದಿದೆ. ಆದಿ ಕವಿತೆ ಬರೆಯದಿದ್ದರೆ ಬೇಡ. ಸಾಕು ಅಂದರೆ ಅದು ಅವನೇ ಅಂದಿದ್ದಾಗಿರಬೇಕು.

ಸುಮಾ ಚಿಕ್ಕಮ್ಮ: ಅಯ್ಯೋ, ನಾನು ಕಿಟಕಿ ಗಮನಿಸಲೇ ಇಲ್ಲ ಕಣೇ.

ಕಿರಣ: ಅಕ್ಕ, ಆದಿಯ ಟ್ಯಾಬ್ ಕನ್ನಡ ಸರಿಯಾಗಿ ಮಾತಾಡುತ್ತದಾ?

ವಾಣಿ: ಅದೊಂದು ದೊಡ್ಡ ಕಥೆ. ಇಂಗ್ಲಿಷಿನಲ್ಲಿ ಪದ ಪಕ್ಕಪಕ್ಕ ಇಟ್ಟರೆ ವಾಕ್ಯ ಆಗುತ್ತದೆ. ನಮ್ಮದರಲ್ಲಿ ‘ನಾನು’ ಒತ್ತಿ ‘ನೀರು’ ಒತ್ತಿ ‘ಬೇಕು’ ಒತ್ತಿದರೆ ‘ನಾನು ನೀರು ಬೇಕು’ ಅನ್ನುತ್ತದೆ. ಅದಕ್ಕೆ ‘ನನಗೆ’ ಅಂತ ಬೇರೆ ಚೌಕವನ್ನೇ ಮಾಡಿದೆ. ‘ಅಜ್ಜಿ ಮನೆ ಹೋಗು’ ಅನ್ನುತ್ತಾನೆ, ಅದನ್ನು ತಿದ್ದಲು ಹೋಗಿಲ್ಲ, ಎಲ್ಲರಿಗೂ ಅರ್ಥವಾಗುತ್ತದೆ. ಮೊದಲು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿದ್ದೆ. ಪಾರ್ಕಿನಲ್ಲಿ ಮಕ್ಕಳು ನಕ್ಕರು, ಹುಡುಗನ ಕೈಯಿಂದ ಹೆಂಗಸಿನ ದನಿ ಅಂತ. ಈಗ ಮೇಲಿನ ಮನೆಯ ಎಂಟು ವರ್ಷದ ಹುಡುಗನ ದನಿ ಇದೆ. ಅವನಿಗೆ ಒಂದು ಪದಕ್ಕೆ ಒಂದು ಜೆಮ್ಸ್ ಸಂಬಳ.

ಕಿರಣ: ಸ್ಟೀಫನ್ ಹಾಕಿಂಗ್ ನೆನಪಾದರು. 1985ರಲ್ಲಿ ಗಂಟಲಿನ ಆಪರೇಷನ್ ಆಗಿ ದನಿ ಹೋಯಿತು. ಇಂಗ್ಲೆಂಡಿನ ಮನುಷ್ಯನಿಗೆ ಸಿಕ್ಕಿದ್ದು ಅಮೆರಿಕದ ಉಚ್ಚಾರಣೆಯ ಯಂತ್ರ. ಆಮೇಲೆ ಚೆನ್ನಾಗಿರುವ ದನಿಗಳು ಬಂದರೂ ಬದಲಿಸಲಿಲ್ಲ. ಇದೇ ನನ್ನ ದನಿ ಅಂದುಬಿಟ್ಟರು.

ಅಪ್ಪ: ಅವರು ವಿಜ್ಞಾನಿ ಕಣಪ್ಪ.

ನಾನು: ಅವರೂ ಊಟಕ್ಕೆ ಕೂತಾಗ ಯಾರೂ ಅದನ್ನು ಬೀರು ಮೇಲೆ ಇಡಲಿಲ್ಲ ಅಪ್ಪ.

(ಇದನ್ನು ಟೈಪ್ ಮಾಡಿ ಮೂರು ಸಲ ಅಳಿಸಿದ್ದೆ.)

ಸುಮಾ ಚಿಕ್ಕಮ್ಮ: ಚಾರ್ಜ್ ಮುಗಿದರೆ ಏನು ಮಾಡುತ್ತೀಯೇ?

ವಾಣಿ: ಅದೇ ಚಿತ್ರಗಳನ್ನು ಹಾಳೆಯಲ್ಲಿ ಪ್ರಿಂಟ್ ಮಾಡಿಸಿ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿದ್ದೇನೆ. ಬೆರಳಿಟ್ಟು ತೋರಿಸುತ್ತಾನೆ. ನಾವು ಶುರು ಮಾಡಿದ್ದೇ ಹಾಳೆಯಿಂದ. ಬಚ್ಚಲಮನೆಗೂ ಅದೇ.

ಅಜ್ಜಿ: (ವಾಯ್ಸ್ ಮೆಸೇಜ್) ವಾಣೀ, ನನಗೂ ಒಂದು ಹಾಳೆ ಕೊಡೇ. ಫ್ರಿಜ್ ಮೇಲೆ ಅಂಟಿಸ್ಕೋತೀನಿ. ಮಗು ಬಂದಾಗ ನಾನು ಚಕ್ಕುಲಿ ಡಬ್ಬ ಹಿಡ್ಕೊಂಡು ಬೇಕಾ, ಬೇಡ್ವಾ ಅಂತ ಕೇಳ್ತಾನೇ ಇರ್ತೀನಿ, ಪಾಪ ಅದು ನನ್ನ ಮುಖಾನೇ ನೋಡ್ತಿರತ್ತೆ.

ಅಪ್ಪ: ಆದರೂ ಊಟದ ಹೊತ್ತಲ್ಲಿ ಯೂಟ್ಯೂಬ್ ಕೂಡದು. ಅದು ಮಾತ್ರ ನಾನು ಒಪ್ಪುವುದಿಲ್ಲ.

ವಾಣಿ: ನಾನೂ ಒಪ್ಪುವುದಿಲ್ಲ ದೊಡ್ಡಪ್ಪ.

ಹತ್ತು ನಿಮಿಷ ‘ಟೈಪಿಂಗ್’ ಅಂತ ಬಂತು, ಹೋಯಿತು, ಮತ್ತೆ ಬಂತು.

ಅಪ್ಪ: ಅದರಲ್ಲಿ ಜನರ ಬಟನ್ ಇದೆಯಾ?

ವಾಣಿ: ಅಜ್ಜಿ, ಅಪ್ಪ, ಶಶಿ, ಕಿರಣ ಎಲ್ಲ ಇದ್ದಾರೆ. ನಿಮ್ಮದು ಇಲ್ಲ. ಫೋಟೊ ಕಳಿಸಿ, ‘ತಾತ’ ಅಂತ ಹಾಕುತ್ತೇನೆ.

ಅಪ್ಪ: ಪೆನ್ಷನ್ ಅರ್ಜಿಗೆ ತೆಗೆಸಿದ್ದು ಇದೆ. ಆಗುತ್ತದಾ?

ವಾಣಿ: ಅದರಲ್ಲಿ ಮೀಸೆ ಇದೆ ದೊಡ್ಡಪ್ಪ, ಗುರುತು ಸಿಗುವುದಿಲ್ಲ. ಈಗ ಒಂದು ಸೆಲ್ಫಿ ತೆಗೆದು ಕಳಿಸಿ. ಕನ್ನಡಕ ಹಾಕಿಕೊಂಡೇ ಇರಿ.