ಮೆತ್ ಒಂದೇ, ಪೆಟ್ಟು ಮಾತ್ರ ಬೇರೆ ಬೇರೆ ಯಾಕೆ?

ಪ್ರಶ್ನೆ: ಮೆತಾಂಫೆಟಮಿನ್ (ಮೆತ್), ಅಂದರೆ ನಿದ್ದೆ ಓಡಿಸಿ ಹುರುಪೇರಿಸುವ ಮಾದಕವಸ್ತು, ಎಲ್ಲ ಕಡೆ ಒಂದೇ ರಾಸಾಯನಿಕ. ಹಾಗಿದ್ದೂ ಅದರ ಹಾನಿ ದೇಶದಿಂದ ದೇಶಕ್ಕೆ ಬೇರೆ ಕಾಣುವುದೇಕೆ?

ಉತ್ತರ 1: ಮಾಲಿನ ರೂಪ, ಬರುವ ದಾರಿ ಎರಡೂ ಬೇರೆ. ಥಾಯ್ಲೆಂಡಿನಲ್ಲಿ ಯಾಬಾ ಮಾತ್ರೆ: ಮೆತ್ ಜೊತೆ ಕೆಫೀನ್, ಬಹುಪಾಲು ಮ್ಯಾನ್ಮಾರಿನ ಶಾನ್ ರಾಜ್ಯದ್ದು. ನಿದ್ದೆಗೆಟ್ಟು ದುಡಿಯುವವರಿಗೆ ಮೊದಲು ಅಂಟುತ್ತದೆ.

ಉತ್ತರ 2: ಅಮೆರಿಕದಲ್ಲಿ 2006ರಿಂದ ಸೂಡೋಎಫೆಡ್ರಿನ್ (ಮೆತ್ ತಯಾರಿಸಲೂ ಬಳಕೆಯಾಗುವ ನೆಗಡಿ ಔಷಧಿ) ಖರೀದಿಗೆ ದಿನಕ್ಕೆ 3.6 ಗ್ರಾಂ ಮಿತಿ, ರಿಜಿಸ್ಟರಿನಲ್ಲಿ ಸಹಿ. ಮನೆಯೊಳಗೇ ಮೆತ್ ತಯಾರಿಸುವ ಲ್ಯಾಬ್‌ಗಳು ತಗ್ಗಿದವು, ಚಟ ತಗ್ಗಲಿಲ್ಲ. ಮೆಕ್ಸಿಕೋದ ಮಾಲು ಜಾಗ ತುಂಬಿತು. ಈಗ ಮೆತ್ ಜೊತೆ ಸೇರಿಕೊಳ್ಳುವ ಫೆಂಟನಿಲ್ (ಉಸಿರನ್ನೇ ನಿಧಾನಿಸುವ, ಅಫೀಮು ಬಗೆಯ ಮಾದಕ) ಕಾಟ ಬೇರೆ. ಅಫೀಮು ಬಗೆಯ ಮಾದಕಗಳಿಗೆ ಪ್ರತಿಮದ್ದಾದ ನಲಾಕ್ಸೋನ್ ಮೆತ್ ಇಳಿಸದು, ಫೆಂಟನಿಲ್ ಇಳಿಸುತ್ತದೆ. ಉಸಿರು ನಿಧಾನವಾದರೆ ಕೊಟ್ಟುಬಿಡಿ.

ಉತ್ತರ 3: ನ್ಯೂಜಿಲೆಂಡಿನದು ವಿಚಿತ್ರ. ಗೋಡೆಯ 100 ಚದರ ಸೆಂ.ಮೀ. ಒರೆಸಿ ಪರೀಕ್ಷಿಸಿದಾಗ ಮೆತ್‌ನ ಚೂರು ಕಂಡರೂ ಸರ್ಕಾರಿ ಮನೆಗಳಿಂದ ನೂರಾರು ಜನರನ್ನು ಎಬ್ಬಿಸಿದರು. 2017ರ ಮಾನದಂಡ 1.5 ಮೈಕ್ರೋಗ್ರಾಂ, 2018ರಲ್ಲಿ ಪ್ರಧಾನಿಯ ವಿಜ್ಞಾನ ಸಲಹೆಗಾರರು, ಲ್ಯಾಬ್ ಇರದ ಮನೆಗೆ 15ರವರೆಗೆ ಚಿಂತೆಯಿಲ್ಲ ಎಂದರು. ಸೇದುವವನಿಗಿಂತ ಗೋಡೆಗೇ ಹೆಚ್ಚು ಹೆದರಿದ್ದರು!

ಉತ್ತರ 4: ಚಿಕಿತ್ಸೆ ಬಗ್ಗೆ: ಈ ಚಟಕ್ಕೆಂದೇ ಅಮೆರಿಕದಲ್ಲಿ ಅನುಮೋದಿತ ಔಷಧಿ ಇಲ್ಲ. ಚೆನ್ನಾಗಿ ಕೆಲಸ ಮಾಡುವುದು ಬಹುಮಾನ ಪದ್ಧತಿ: ವಾರಕ್ಕೆರಡು ಮೂತ್ರಪರೀಕ್ಷೆ, ಮೆತ್ ಸಿಗದಿದ್ದರೆ ಅಲ್ಲೇ ಕೂಪನ್. ಮೂತ್ರದಲ್ಲಿ ಸುಳಿವು ಎರಡು-ಮೂರು ದಿನ ಮಾತ್ರ, ಹಾಗಾಗಿ ವಾರಕ್ಕೊಂದೇ ಪರೀಕ್ಷೆಯಾದರೆ ತಪ್ಪಿಸಿಕೊಳ್ಳುತ್ತಾರೆ. ಕೂಪನ್ ತಡವಾದರೂ ಕೆಟ್ಟಿತು.